ಗ್ಯಾಸ್ ಗುಳಗಿ ಕೇಳುವ ಮುಂಚೆ: ಹೃದಯದ ಮುನ್ಸೂಚನೆ ಗುರುತಿಸಿ, ಹೊತ್ತು ಮೀರದಂತೆ ಆಸ್ಪತ್ರೆ ಮುಟ್ಟುವುದು ಹೇಗೆ

ಕಲಬುರಗಿಯ ಬ್ರಹ್ಮಪುರ ಕಡೆ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ ಇದೆ. ಹತ್ತೊಂಬತ್ತು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಕೌಂಟರ್ ಮುಂದೆ ಅತಿ ಜಾಸ್ತಿ ಕೇಳಿದ ಮಾತು ಯಾವುದು ಅಂದರೆ, "ಅಣ್ಣಾ, ಗ್ಯಾಸ್ ಆಗ್ಯಾದ, ಒಂದು ಗುಳಗಿ ಕೊಡ್ರಿ." ನಮ್ಮ ಕಡೆ ಎದೆ ಉರಿದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್, ತಲೆ ಸುತ್ತಿದರೂ ಗ್ಯಾಸ್. ಮಿರ್ಚಿ ಭಜಿ, ಶೇಂಗಾ ಹಿಂಡಿ ಹೊಡೆಯುವ ಊರು ಇದು. ಗ್ಯಾಸ್ ಆಗುವುದು ಸುಳ್ಳೇನಲ್ಲ.

ಆರು ವರ್ಷದ ಹಿಂದೆ ನಮ್ಮ ಓಣಿಯ ಕಾಕಾ ಒಬ್ಬರು ರಾತ್ರಿ ಒಂಬತ್ತೂವರೆಗೆ ಬಂದರು. ಆಗಲೇ ಶಟರ್ ಅರ್ಧ ಇಳಿಸಿದ್ದೆ. ಮಧ್ಯಾಹ್ನ ಮದುವೆ ಊಟ ಆಗಿತ್ತಂತೆ, ಸಂಜೆಯಿಂದ ಎದೆ ಮೇಲೆ ಯಾರೋ ಕೂತ ಹಾಗೆ ಆಗ್ತಿದೆ ಅಂದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೇ ತಿಂಗಳು, ಕಲಬುರಗಿ ಬಿಸಿಲು, ಯಾರ ಅಂಗಿ ತಾನೇ ಒಣಗಿರುತ್ತೆ? ನಾನು ಒಂದು ಆಸಿಡಿಟಿ ಗುಳಗಿ, ಒಂದು ಸೋಡಾ ಪುಡಿ ಪಾಕೀಟು ಕೊಟ್ಟೆ. ಹದಿನೆಂಟು ರೂಪಾಯಿ ತಗೊಂಡೆ. ಬೆಳಗಿನ ಜಾವ ಐದಕ್ಕೆ ಅವರ ಮಗ ಆಸ್ಪತ್ರೆಯಿಂದ ಫೋನ್ ಮಾಡಿದ. ಕಾಕಾ ಉಳಿದರು. ಆದರೆ ಹೃದಯದ ಒಂದು ಭಾಗ ಸತ್ತೇಹೋಗಿತ್ತು. ಈಗ ಹತ್ತು ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತದೆ, ಹೊಲಕ್ಕೆ ಹೋಗುವುದು ಬಿಟ್ಟಿದ್ದಾರೆ. ಅವರು ನನಗೆ ಒಂದು ಮಾತೂ ಅಂದಿಲ್ಲ. ಆ ಹದಿನೆಂಟು ರೂಪಾಯಿ ಮಾತ್ರ ನನಗೆ ಮರೆಯುವುದಿಲ್ಲ.

ಅಂದಿನಿಂದ ಗ್ಯಾಸ್ ಗುಳಗಿ ಕೇಳಿದವರಿಗೆ ನಾನು ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತೆ, ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ. ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿದವನು. ಹಾಗಾಗಿ ಇಲ್ಲಿ ಬರೆದದ್ದು ರೋಗ ಕಂಡುಹಿಡಿಯುವುದಕ್ಕಲ್ಲ, ಡಾಕ್ಟರ ಹತ್ತಿರ ಯಾವಾಗ ಓಡಬೇಕು ಅಂತ ತಿಳಿಯುವುದಕ್ಕೆ.

ಹಂತ 1: ಗ್ಯಾಸೋ ಹೃದಯವೋ, ನಾಲ್ಕು ಪ್ರಶ್ನೆ ಕೇಳಿ

ಮೊದಲನೆಯದು, ಎಲ್ಲಿ ನೋಯುತ್ತಿದೆ ತೋರಿಸಿ. ಒಂದೇ ಬೆರಳು ಇಟ್ಟು "ಇಲ್ಲೇ, ಈ ಜಾಗದಾಗ" ಅಂತ ತೋರಿಸಿ, ಅಲ್ಲಿ ಒತ್ತಿದರೆ ನೋವು ಜಾಸ್ತಿ ಆದರೆ, ಅದು ಬಹಳ ಸಲ ಸ್ನಾಯು ಅಥವಾ ಎಲುಬಿನ ನೋವು. ಹೃದಯದ ನೋವು ಇರುವವರು ಸಾಮಾನ್ಯವಾಗಿ ಬೆರಳು ತೋರಿಸುವುದಿಲ್ಲ. ಇಡೀ ಅಂಗೈ ಇಡುತ್ತಾರೆ, ಇಲ್ಲವೇ ಮುಷ್ಟಿ ಮಾಡಿ ಎದೆ ನಡುವೆ ಒತ್ತಿಕೊಳ್ಳುತ್ತಾರೆ. ಇನ್ನೊಂದು ವಿಷಯ, ಅವರು "ನೋವು" ಅನ್ನುವ ಮಾತನ್ನೇ ಆಡದೆ ಇರಬಹುದು. "ಹಿಡ್ದಂಗ ಆಗ್ಲತ್ತದ", "ಭಾರ ಆಗ್ಯಾದ", "ಜೀವ ಒಂಥರಾ ಆಗ್ಲತ್ತದ" ಅಂತಾರೆ. ನಮ್ಮ ಊರಿನ ಚಾಚಾಗಳು ಬಂದು "ಸೀನೆ ಮೇ ಜಲನ್", ಅಂದರೆ ಎದೆಯಲ್ಲಿ ಉರಿ ಅಂತಾರೆ. ಮನೆಯಲ್ಲಿ ಯಾರಾದರೂ ಈ ಥರ ಅಂದರೆ, ನೋವಿಲ್ಲವಲ್ಲ ಅಂತ ಸುಮ್ನೆ ಇರಬೇಡಿ.

ಎರಡನೆಯದು, ಅದು ಎಲ್ಲಿಗಾದರೂ ಹರಿಯುತ್ತದಾ? ಎಡಗೈ ಎಲ್ಲರಿಗೂ ಗೊತ್ತು. ಆದರೆ ಎರಡೂ ಭುಜ, ಬಲಗೈ, ಕುತ್ತಿಗೆ, ಕೆಳ ದವಡೆ, ಬೆನ್ನಿನ ಮಧ್ಯ, ಹೊಟ್ಟೆಯ ಮೇಲ್ಭಾಗ, ಇವೆಲ್ಲವೂ ಹೃದಯದ ನೋವು ತಿರುಗಾಡುವ ದಾರಿಗಳೇ. ಹಲ್ಲು ನೋವು ಅಂತ ದಂತವೈದ್ಯರ ಹತ್ತಿರ ಹೋಗಿ ಕೂತವರೂ ಇದ್ದಾರೆ.

ಮೂರನೆಯದು, ನಡೆದರೆ ಹೆಚ್ಚುತ್ತಾ, ನಿಂತರೆ ಕಡಿಮೆ ಆಗುತ್ತಾ? ಇದಕ್ಕೆ ಹೌದು ಅಂದರೆ ನಾನು ಮುಂದೆ ಏನೂ ಕೇಳುವುದಿಲ್ಲ, ಸೀದಾ ಡಾಕ್ಟರ ಹತ್ತಿರ ಕಳಿಸುತ್ತೇನೆ. ಗ್ಯಾಸಿಗೆ ನೀವು ಮೆಟ್ಟಿಲು ಹತ್ತುತ್ತಿದ್ದೀರೋ ಕೂತಿದ್ದೀರೋ ಗೊತ್ತಾಗುವುದಿಲ್ಲ. ಹೃದಯಕ್ಕೆ ಗೊತ್ತಾಗುತ್ತದೆ.

ನಾಲ್ಕನೆಯದು ಬೆವರು. ನಮ್ಮ ಊರಲ್ಲಿ ಇದು ಕಷ್ಟದ ಪ್ರಶ್ನೆ. ಏಪ್ರಿಲ್‌-ಮೇನಲ್ಲಿ ಪಾರಾ 42, 43 ಡಿಗ್ರಿ ಮುಟ್ಟುತ್ತೆ, ಎಲ್ಲರೂ ಬೆವರುತ್ತಾರೆ. ಹಾಗಾಗಿ ಮುಟ್ಟಿ ನೋಡಿ. ಬಿಸಿಲಿನ ಬೆವರು ಇದ್ದಾಗ ಮೈ ಬೆಚ್ಚಗಿರುತ್ತೆ. ಹೃದಯದ ತೊಂದರೆಯ ಬೆವರಿಗೆ ಮೈ ತಣ್ಣಗೆ, ಜಿಗುಟಾಗಿ, ಮುಖ ಬಿಳಿಚಿಕೊಂಡಿರುತ್ತೆ. ಫ್ಯಾನ್ ಕೆಳಗೆ ಕೂತರೂ ಹಣೆಯಿಂದ ನೀರು ಇಳಿಯುತ್ತಿದ್ದರೆ ಅದು ಬಿಸಿಲಿನದಲ್ಲ.

ಈ ನಾಲ್ಕಕ್ಕೂ ಇಲ್ಲ ಅಂದರೆ ಹೃದಯ ಅಲ್ಲವೇ ಅಲ್ಲ ಅಂತ ತೀರ್ಮಾನ ಮಾಡಬೇಡಿ, ಇಲ್ಲೇ ಜನ ಎಡವುವುದು. ಹೃದಯದ ಕೆಳಭಾಗಕ್ಕೆ ರಕ್ತ ಕೊಡುವ ನಾಳ ಕಟ್ಟಿದರೆ ಹೊಟ್ಟೆ ಮೇಲ್ಭಾಗದಲ್ಲಿ ನೋವು, ತೇಗು, ವಾಂತಿ ಎಲ್ಲಾ ಬರುತ್ತೆ, ಥೇಟ್ ಗ್ಯಾಸಿನ ಹಾಗೆಯೇ. ತೇಗು ಬಂತು, ಹಗುರ ಆಯ್ತು, ಸೋಡಾ ಕುಡಿದ ಮೇಲೆ ಇಳೀತು, ಇವು ಯಾವುವೂ ಪುರಾವೆ ಅಲ್ಲ. ಪುರಾವೆ ಅಂದರೆ ಇಸಿಜಿ, ಹೃದಯದ ವಿದ್ಯುತ್ ಮಿಡಿತವನ್ನು ಕಾಗದದ ಮೇಲೆ ತೆಗೆಯುವ ಪರೀಕ್ಷೆ. ಅನುಮಾನ ಇದ್ದಾಗ ಗ್ಯಾಸ್ ಅಂತ ಹೇಳುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ, ಪಕ್ಕದ ಮನೆಯ ಅನುಭವಸ್ಥರಿಗೂ ಇಲ್ಲ.

ಹಂತ 2: ವಾರ, ತಿಂಗಳು ಮುಂಚೆ ಬರುವ ಸೂಚನೆ ಹಿಡಿಯಿರಿ

ಹಾರ್ಟ್ ಅಟ್ಯಾಕ್ ಸಿಡಿಲಿನ ಹಾಗೆ ಬಂತು ಅಂತಾರೆ. ಕೆಲವರಿಗೆ ಹಾಗೇ ಬರುತ್ತೆ, ಸುಳ್ಳಲ್ಲ. ಆದರೆ ಬಹಳ ಮಂದಿಯನ್ನು ಆಮೇಲೆ ಕೂರಿಸಿ ಕೇಳಿದರೆ, "ಹೌದ್ರಿ, ಎರಡು ತಿಂಗಳಿಂದ ಸೂಪರ್ ಮಾರ್ಕೆಟ್ ತನಕ ನಡದ್ರ ಎದಿ ಹಿಡೀತಿತ್ತು, ನಿಂತ್ರ ಹೋಗ್ತಿತ್ತು" ಅಂತಾರೆ. ಈ ನಿಂತರೆ ಹೋಗುವುದೇ ಮೋಸ. ಹೃದಯದ ರಕ್ತನಾಳದ ಒಳಗೆ ಕೊಬ್ಬು ಕಟ್ಟಿ ದಾರಿ ಸಣ್ಣದಾಗಿರುತ್ತದೆ. ಕೂತಾಗ ಅಷ್ಟು ರಕ್ತ ಸಾಕು. ನಡೆದಾಗ, ಭಾರ ಎತ್ತಿದಾಗ, ಸಿಟ್ಟು ಬಂದಾಗ, ಹೊಟ್ಟೆ ತುಂಬ ಉಂಡು ಎದ್ದು ಓಡಾಡಿದಾಗ ಸಾಲುವುದಿಲ್ಲ. ಹೃದಯ ಕೂಗುತ್ತದೆ. ನಿಂತರೆ ಎರಡು ಮೂರು ನಿಮಿಷಕ್ಕೆ, ಹೆಚ್ಚೆಂದರೆ ಹತ್ತು ನಿಮಿಷದೊಳಗೆ ಸುಮ್ಮನಾಗುತ್ತದೆ. ಡಾಕ್ಟರು ಇದಕ್ಕೆ ಆಂಜೈನಾ ಅಂತಾರೆ. ಬೀದರಿನ ಚಳಿಗಾಲದ ಬೆಳಗಿನಲ್ಲಿ ವಾಕಿಂಗ್ ಹೋದವರಿಗೆ ಇದು ಬೇಗ ಗೊತ್ತಾಗುತ್ತದೆ, ಯಾಕಂದರೆ ತಣ್ಣನೆ ಗಾಳಿಗೆ ರಕ್ತನಾಳಗಳು ಇನ್ನೂ ಬಿಗಿಯುತ್ತವೆ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳಬೇಡಿ, ನೋಡಿ. ಕೇಳಿದರೆ "ನನಗೇನಾಗ್ಯಾದ, ಆರಾಮ ಇದ್ದೀನಿ" ಅಂತಾರೆ. ಅವರು ಮಾಡುವುದನ್ನು ಗಮನಿಸಿ. ಶರಣಬಸವೇಶ್ವರ ಗುಡಿಗೆ ಒಂದೇ ಉಸಿರಿಗೆ ನಡೆದು ಹೋಗುತ್ತಿದ್ದವರು ಈಗ ದಾರಿಯಲ್ಲಿ ಯಾವುದಾದರೂ ಅಂಗಡಿ ಮುಂದೆ ನಿಂತು ಸುಮ್ನೆ ಏನೋ ವಿಚಾರಿಸುತ್ತಾರಾ? ಮಹಡಿ ಮೇಲಿನ ಕೋಣೆ ಬಿಟ್ಟು ಕೆಳಗೆ ಮಲಗಲು ಶುರು ಮಾಡಿದರಾ? ಒಂದು ದಿಂಬು ಸಾಕಾಗುತ್ತಿದ್ದವರು ಈಗ ಮೂರು ದಿಂಬು ಕೇಳುತ್ತಾರಾ? ರಾತ್ರಿ ಮಲಗಿದ ಮೇಲೆ ಉಸಿರು ಕಟ್ಟಿ ಎದ್ದು ಕಿಟಕಿ ಹತ್ತಿರ ಕೂರುತ್ತಾರಾ? ಸಂಜೆ ಚಪ್ಪಲಿ ಬಿಟ್ಟಾಗ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಉಳಿಯುತ್ತದಾ? ಕೊನೆಯ ಮೂರು, ಹೃದಯದ ಪಂಪ್ ಸೋಲುತ್ತಿದೆ ಅನ್ನುವ ಸೂಚನೆ. ಪಾದ ಊದುವುದಕ್ಕೆ ಕಿಡ್ನಿಯೂ ಕಾರಣ ಇರಬಹುದು, ಕೆಲವು ಬಿಪಿ ಗುಳಗಿಯೂ ಕಾರಣ ಇರಬಹುದು. ಅದನ್ನು ವಿಂಗಡಿಸುವುದು ಡಾಕ್ಟರ ಕೆಲಸ.

ಎದೆ ಡವಡವ ಅಂತ ಲಯ ತಪ್ಪಿ ಹೊಡೆದುಕೊಳ್ಳುವುದು, ಕೆಲಸ ಮಾಡುತ್ತಿದ್ದಾಗಲೇ ಕಣ್ಣು ಕತ್ತಲೆ ಬಂದು ಬೀಳುವುದು, ಇವನ್ನೂ ತೋರಿಸಬೇಕು. ಅದರಲ್ಲೂ ಬಿದ್ದವರಿಗೆ ಈರುಳ್ಳಿ ಮೂಸಿಸಿ ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚಬೇಡಿ.

ಮೊದಲು ಅರ್ಧ ಕಿಲೋಮೀಟರ್ ನಡೆದಾಗ ಬರುತ್ತಿದ್ದ ಬಿಗಿತ ಈಗ ಬಚ್ಚಲಿಗೆ ಹೋಗಿ ಬರುವಷ್ಟಕ್ಕೇ ಬರುತ್ತಿದೆ ಅಂದರೆ, ಕೂತಾಗಲೂ ಬರುತ್ತಿದೆ ಅಂದರೆ, ನಿದ್ದೆಯಿಂದ ಎಬ್ಬಿಸುತ್ತಿದೆ ಅಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಸೋಮವಾರ ನೋಡೋಣ, ಅಮಾವಾಸ್ಯೆ ಮುಗೀಲಿ ಅನ್ನಬೇಡಿ. ಒಳಗಿನ ಕೊಬ್ಬಿನ ಗಡ್ಡೆ ಒಡೆಯುವ ಹಂತಕ್ಕೆ ಬಂದಿರಬಹುದು.

ಹಂತ 3: ಹೆಂಗಸರು, ಶುಗರ್ ಇದ್ದವರು, ಇವರಿಗೆ ಬೇರೆ ಅಳತೆ

ಮೇಲೆ ಹೇಳಿದ ಎದೆ ಹಿಡಿಯುವ ಚಿತ್ರ ಬಹಳಷ್ಟು ಗಂಡಸರದು. ಹೆಂಗಸರಿಗೂ ಎದೆ ನೋವೇ ಮುಖ್ಯ ಸೂಚನೆ, ಆದರೆ ಅದರ ಜೊತೆ, ಕೆಲವು ಸಲ ಅದಿಲ್ಲದೆಯೇ, ಬೇರೆ ತೊಂದರೆಗಳು ಬರುತ್ತವೆ: ವಿಪರೀತ ಸುಸ್ತು, ಉಸಿರು ಸಾಲದ ಹಾಗೆ ಆಗುವುದು, ಬೆನ್ನು-ದವಡೆ ನೋವು, ವಾಕರಿಕೆ, ನಿದ್ದೆ ಬಾರದಿರುವುದು. ನಮ್ಮ ಮನೆಗಳಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತಾ? ಒಂದೇ ಸಲ ಇಪ್ಪತ್ತು ಜೋಳದ ರೊಟ್ಟಿ ಬಡಿದು ಏಳುತ್ತಿದ್ದ ವೈನಿ ಈಗ ಆರು ಬಡಿದು ಗೋಡೆಗೆ ಒರಗುತ್ತಾರೆ. "ಒಲಿ ಮುಂದ ಕುಂತು ಝಳ ಹೊಡದದ" ಅಂತಾರೆ. ಮನೆಯವರೂ ಒಪ್ಪಿಕೊಂಡು ರೊಟ್ಟಿಗೆ ಕಾಯುತ್ತಾರೆ. ನನ್ನ ಕೌಂಟರಿಗೆ ಗಂಡನ ಬಿಪಿ ಗುಳಗಿ, ಅತ್ತೆಯ ಮೊಣಕಾಲು ನೋವಿನ ಗುಳಗಿ ತಗೊಳ್ಳಲು ಬರುವ ಹೆಂಗಸರು ಎಷ್ಟೋ ಮಂದಿ. ಅವರದೇ ಬಿಪಿ ಎಷ್ಟು ಅಂತ ಕೇಳಿದರೆ ನಗುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಅಪಾಯ ಏರುತ್ತದೆ. ಬಸುರಿದ್ದಾಗ ಬಿಪಿ ಅಥವಾ ಶುಗರ್ ಬಂದಿದ್ದವರಿಗೆ ಇನ್ನೂ ಜಾಸ್ತಿ.

ಶುಗರ್ ಹಳೆಯದಾದರೆ ನರಗಳು ಮಂಕಾಗುತ್ತವೆ. ಕಾಲಿಗೆ ಮುಳ್ಳು ಚುಚ್ಚಿದರೆ ಹೇಗೆ ಗೊತ್ತಾಗುವುದಿಲ್ಲವೋ, ಹೃದಯದ ನೋವೂ ಹಾಗೇ ಗೊತ್ತಾಗದೆ ಹೋಗಬಹುದು. ಸುಮ್ನೆ ದಮ್ಮು ಹತ್ತುವುದು, ಇದ್ದಕ್ಕಿದ್ದಂತೆ ಬೆವರು, ಕಾರಣ ಇಲ್ಲದ ಸುಸ್ತು, ಇಷ್ಟೇ. ಬೆವರು ಬಂದರೆ ಶುಗರ್ ಇಳಿದಿದೆ ಅಂತ ಸಕ್ಕರೆ ಬಾಯಿಗೆ ಹಾಕುತ್ತಾರೆ. ಹಾಕಿ, ತಪ್ಪಿಲ್ಲ. ಆದರೆ ಮೀಟರ್ ಇದ್ದರೆ ಶುಗರ್ ನೋಡಿ, ಅದು ಸರಿಯಾಗಿದ್ದೂ ಬೆವರು ನಿಲ್ಲದಿದ್ದರೆ ಇಸಿಜಿಗೆ ಹೊರಡಿ. ವಯಸ್ಸು ಎಂಬತ್ತು ದಾಟಿದವರಲ್ಲೂ ಹೀಗೇ. ಒಮ್ಮೊಮ್ಮೆ ಗೊಂದಲದ ಮಾತು, ಊಟ ಬೇಡ ಅನ್ನುವುದು ಮಾತ್ರ ಕಾಣಬಹುದು.

ಇನ್ನು ಹುಡುಗರು. "ನನಗಿನ್ನೂ 38, ನನಗೆಲ್ಲಿ ಹಾರ್ಟ್ ಅಟ್ಯಾಕ್" ಅನ್ನುವವರಿಗೆ ಒಂದು ಮಾತು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬಂದ ಸರಾಸರಿ ವಯಸ್ಸು 53, ಬೇರೆಯವರಿಗಿಂತ ಸುಮಾರು ಆರು ವರ್ಷ ಮುಂಚೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಅವರಿಗೆ 46. ಆ ವಾರ ನನ್ನ ಅಂಗಡಿ ಮುಂದೆ ಬಿಪಿ ನೋಡಿಸಿಕೊಳ್ಳಲು ಸಾಲು ನಿಂತಿತ್ತು. ತಿಂಗಳಿಗೆ ಸಾಲು ಕರಗಿತು.

ಹಂತ 4: ಶುರುವಾದ ಮೇಲೆ ಮೊದಲ ಹತ್ತು ನಿಮಿಷ

ಗಡಿಯಾರ ನೋಡಿ. ಎಷ್ಟು ಗಂಟೆಗೆ ಶುರುವಾಯ್ತು ಅನ್ನುವುದನ್ನು ಫೋನಿನಲ್ಲೋ ಕೈ ಮೇಲೋ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. "ಸಂಜೀಕಡೆ" ಅಂದರೆ ಅವರಿಗೆ ಉಪಯೋಗ ಇಲ್ಲ. ಕೂತಿದ್ದಾಗಲೂ ಎದೆಯ ಬಿಗಿತ ಐದು ನಿಮಿಷ ದಾಟಿತು ಅಂದರೆ ಮುಂದೆ ಕಾಯುವುದು ಬೇಡ.

ಅವರನ್ನು ಕೂರಿಸಿ. ಬೆನ್ನಿಗೆ ಗೋಡೆ ಅಥವಾ ದಿಂಬು ಕೊಟ್ಟು, ಮೊಣಕಾಲು ಮಡಚಿ, ಅರ್ಧ ಕೂತ ಹಾಗೆ. ಅಂಗಿ ಗುಂಡಿ ಸಡಿಲ ಮಾಡಿ. ನಡೆಸಬೇಡಿ, ಮೆಟ್ಟಿಲು ಇಳಿಸಲೇಬೇಕಾದರೆ ಕುರ್ಚಿಯಲ್ಲಿ ಕೂರಿಸಿ ಎತ್ತಿ ಇಳಿಸಿ. 108ಕ್ಕೆ ಫೋನ್ ಮಾಡಿ, "ಎದೆ ನೋವು, ಬೆವರು, ವಯಸ್ಸು ಇಷ್ಟು" ಅಂತ ಮೊದಲು ಅದನ್ನೇ ಹೇಳಿ, ಆಮೇಲೆ ವಿಳಾಸ. ಓಣಿಯೊಳಗೆ ಮನೆ ಇದ್ದರೆ ಒಬ್ಬರನ್ನು ಮೇನ್ ರೋಡಿಗೆ ಕಳಿಸಿ. ಆಂಬುಲೆನ್ಸ್ ಬರುವುದು ತಡ ಅಂತ ಗೊತ್ತಾದರೆ ಆಟೋ, ಕಾರು ಯಾವುದಾದರೂ ಸರಿ, ಆದರೆ ನೋವಿರುವವರೇ ಗಾಡಿ ಓಡಿಸುವುದು ಬೇಡವೇ ಬೇಡ. ಬೈಕ್ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿ ಇದೆ. ಬೇರೆ ಏನೂ ಸಿಗದ ಹಳ್ಳಿಯಲ್ಲಿ ಅದೇ ಗತಿ ಅಂತ ಒಪ್ಪುತ್ತೇನೆ. ಆದರೆ ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಬೈಕ್ ಮೇಲೆ ಏನೂ ಮಾಡಲಾಗುವುದಿಲ್ಲ.

ಗುಳಗಿ ವಿಷಯಕ್ಕೆ ಬರೋಣ, ಇದು ನನ್ನ ಕ್ಷೇತ್ರ. ಆಸ್ಪಿರಿನ್ ನಿಜಕ್ಕೂ ಜೀವ ಉಳಿಸುವ ಗುಳಗಿ. ಸುಮಾರು 300 ಮಿಲಿಗ್ರಾಂ, ನುಂಗುವುದಲ್ಲ, ಅಗಿದು ತಿನ್ನಬೇಕು, ಆಗ ಬೇಗ ರಕ್ತಕ್ಕೆ ಸೇರುತ್ತದೆ. ಮನೆಯಲ್ಲಿ 75ರ ಗುಳಗಿ ಇದ್ದರೆ ನಾಲ್ಕು. ಆದರೆ ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿರುವವರಿಗೆ, ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಕೊಡಬಾರದು. ಜೊತೆಗೆ ಮಾತು ತೊದಲುತ್ತಿದ್ದರೆ, ಒಂದು ಕೈ ಏಳದಿದ್ದರೆ ಅದು ಲಕ್ವಾ ಇರಬಹುದು, ಆಗಲೂ ಬೇಡ. 108ರವರನ್ನೋ ಡಾಕ್ಟರನ್ನೋ ಫೋನಿನಲ್ಲೇ ಕೇಳಿ ಕೊಡುವುದು ಒಳ್ಳೆಯದು. ಆಸ್ಪಿರಿನ್ ಹುಡುಕುತ್ತಾ ಅರ್ಧ ಗಂಟೆ ಕಳೆಯಬೇಡಿ, ಆಸ್ಪತ್ರೆಯಲ್ಲಿ ಇರುತ್ತೆ.

ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತು ಬೇರೆ. ಅದನ್ನು ಡಾಕ್ಟರು ಮುಂಚೆಯೇ ಬರೆದುಕೊಟ್ಟವರು ಮಾತ್ರ, ಅವರು ಹೇಳಿದ ಹಾಗೆ, ಕೂತುಕೊಂಡು ಇಟ್ಟುಕೊಳ್ಳಬೇಕು. ಅದು ಬಿಪಿ ಇಳಿಸುತ್ತದೆ. ಮೊದಲೇ ಬಿಪಿ ಇಳಿದವರಿಗೆ ಕೊಟ್ಟರೆ ಕುಸಿದು ಬೀಳುತ್ತಾರೆ. ಇನ್ನೊಂದು, ಹೇಳಲು ಯಾರೂ ಬಾಯಿ ಬಿಡುವುದಿಲ್ಲ: ಗಂಡಸುತನಕ್ಕೆ ಅಂತ ಗುಳಗಿ ತಗೊಂಡವರು ಒಂದೆರಡು ದಿನದೊಳಗೆ ಸಾರ್ಬಿಟ್ರೇಟ್ ತಗೊಂಡರೆ ಜೀವಕ್ಕೇ ಅಪಾಯ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಹೆಂಡತಿ ಮುಂದೆ ಹೇಳಲಾಗದಿದ್ದರೆ ಡಾಕ್ಟರ ಕಿವಿಯಲ್ಲಿ ಹೇಳಿ.

ವಾಟ್ಸಾಪಿನಲ್ಲಿ ಓಡಾಡುವ "ಜೋರಾಗಿ ಕೆಮ್ಮಿ ಹಾರ್ಟ್ ಅಟ್ಯಾಕ್ ನಿಲ್ಲಿಸಿ", "ಖಾರದ ಪುಡಿ ನೀರಿಗೆ ಹಾಕಿ ಕುಡಿಸಿ" ಇವೆಲ್ಲ ಸುಳ್ಳು. ಸೋಡಾ, ಊಟ, ಚಹಾ ಏನೂ ಕೊಡಬೇಡಿ.

ಪ್ರಜ್ಞೆ ತಪ್ಪಿ, ಉಸಿರು ನಿಂತಿದ್ದರೆ ಅಥವಾ ಮೀನಿನ ಹಾಗೆ ಬಾಯಿ ಬಿಟ್ಟು ಎಳೆಯುತ್ತಿದ್ದರೆ ಹೃದಯ ನಿಂತಿದೆ ಅಂತ ತಿಳಿಯಿರಿ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಾಗಿಸದೆ ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಿ ಬಿಡಿ. ನಿಮಿಷಕ್ಕೆ 100ರಿಂದ 120 ಸಲ. ಬಾಯಿಗೆ ಬಾಯಿ ಇಟ್ಟು ಊದಲು ಬರದಿದ್ದರೆ ಪರವಾಗಿಲ್ಲ, ಒತ್ತುವುದು ಮಾತ್ರ ನಿಲ್ಲಬಾರದು. ಸುಸ್ತಾದರೆ ಇನ್ನೊಬ್ಬರು ಕೈ ಹಚ್ಚಲಿ. ಪಕ್ಕೆಲುಬು ಮುರಿಯಬಹುದು ಅಂತ ಹೆದರಬೇಡಿ. ಮುರಿದ ಎಲುಬು ಕೂಡುತ್ತೆ.

ಹಂತ 5: ಎಲ್ಲಿಗೆ ಹೋಗಬೇಕು

ನಮ್ಮ ಭಾಗದಲ್ಲಿ ದೊಡ್ಡ ತಪ್ಪು ಆಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಆಳಂದ, ಅಫಜಲಪುರ ಕಡೆಯವರಿಗೆ ಸೊಲ್ಲಾಪುರ ಅಂದರೆ ನಂಬಿಕೆ. ಬೀದರ್, ಚಿಂಚೋಳಿ, ಸೇಡಂ ಕಡೆಯವರಿಗೆ ಹೈದರಾಬಾದ್. ಒಳ್ಳೆಯ ಆಸ್ಪತ್ರೆಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಕಲಬುರಗಿಯಿಂದ ಸೊಲ್ಲಾಪುರ ನೂರು ಕಿಲೋಮೀಟರಿಗಿಂತ ಜಾಸ್ತಿ, ಹೈದರಾಬಾದ್ ಇನ್ನೂರಕ್ಕಿಂತ ಜಾಸ್ತಿ. ನಾಳ ಪೂರ್ತಿ ಕಟ್ಟಿದ ಮೇಲೆ ಅರ್ಧ ಗಂಟೆ ದಾಟುತ್ತಿದ್ದ ಹಾಗೆ ಹೃದಯದ ಮಾಂಸಖಂಡ ಸಾಯಲು ಶುರುವಾಗುತ್ತದೆ, ಗಂಟೆ ಗಂಟೆಗೆ ಸಾಯುವ ಭಾಗ ಹೆಚ್ಚುತ್ತಾ ಹೋಗುತ್ತದೆ. ಕಾರು ಬಾಡಿಗೆಗೆ ಮಾತಾಡಿ, ರೊಕ್ಕ ಹೊಂದಿಸಿ, ಮಾಮಾ ಬಂದ ಮೇಲೆ ಹೊರಟು, ನಾಲ್ಕು ತಾಸು ಆದ ಮೇಲೆ ಮುಟ್ಟಿದರೆ ಉಳಿಸಲು ಉಳಿದಿರುವುದೇ ಕಡಿಮೆ.

ಹಾಗಾಗಿ ದೊಡ್ಡ ಆಸ್ಪತ್ರೆ ಮೊದಲಲ್ಲ, ಹತ್ತಿರದ ಇಸಿಜಿ ಮೊದಲು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮೆಷಿನ್ ಇರುತ್ತೆ. ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಆನ್‌ಲೈನ್‌ನಲ್ಲೇ ಹೃದಯ ಕೇಂದ್ರದ ತಜ್ಞರು ನೋಡುತ್ತಾರೆ, ಅಟ್ಯಾಕ್ ಅಂತ ಖಾತ್ರಿಯಾದರೆ ಟೆನೆಕ್ಟೆಪ್ಲೇಸ್ ಅನ್ನುವ ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ ಅದು, ಅಲ್ಲಿ ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆ ಈ ಯೋಜನೆಯಲ್ಲಿ ಇದೆಯಾ ಅಂತ ಇವತ್ತೇ, ಎಲ್ಲರೂ ಆರಾಮ ಇರುವಾಗಲೇ, ಹೋಗಿ ಕೇಳಿಕೊಂಡು ಬನ್ನಿ. 104ಕ್ಕೂ ಫೋನ್ ಮಾಡಿ ಕೇಳಬಹುದು.

ಇಂಜೆಕ್ಷನ್ ಆದ ಮೇಲೆ ಮುಂದಿನ ಪಯಣ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇದೆ, 371 ಹಾಸಿಗೆಯ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆ ಆಯ್ತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ಕಲಮಿನ ನೆನಪಿಗೇ ಆ ಸಂಖ್ಯೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಇವೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಸಿಟಿಯಲ್ಲೇ ಇರುವವರು, ಹೃದಯದ ನಾಳ ಬಲೂನ್ ಹಾಕಿ ತೆರೆಯುವ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೆ ನೇರ ಹೋಗುವುದೇ ಉತ್ತಮ. ಎರಡು ತಾಸಿನೊಳಗೆ ಬಲೂನ್ ಚಿಕಿತ್ಸೆ ಸಿಗುವಂತಿದ್ದರೆ ಅದೇ ಮೇಲು, ಸಿಗದಿದ್ದರೆ ಇಂಜೆಕ್ಷನ್ ಮೊದಲು. ಇಂಜೆಕ್ಷನ್ ಸಾಮಾನ್ಯವಾಗಿ 12 ತಾಸಿನೊಳಗೆ ಕೊಡುತ್ತಾರೆ, ಆದರೆ ಮೊದಲ ಎರಡು ಮೂರು ತಾಸಿನಲ್ಲಿ ಸಿಗುವ ಗುಣವೇ ಬೇರೆ.

ಹಂತ 6: ಆಸ್ಪತ್ರೆ ಬಾಗಿಲಲ್ಲಿ

ಓಪಿಡಿ ಚೀಟಿ ಸಾಲಿನಲ್ಲಿ ನಿಲ್ಲಬೇಡಿ. ಸೀದಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, "ಎದೆ ನೋವು ಇದೆ, ಇಸಿಜಿ ಮಾಡಿ" ಅಂತ ಗಟ್ಟಿಯಾಗಿ ಹೇಳಿ. ಹೋದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಡಾಕ್ಟರುಗಳದೇ ನಿಯಮ. "ಗ್ಯಾಸ್ ಆಗಿರಬೇಕು ಡಾಕ್ಟ್ರೇ" ಅಂತ ನೀವೇ ಶುರು ಮಾಡಬೇಡಿ, ಕೇಳುವವರ ಮನಸ್ಸೂ ಅದೇ ಕಡೆ ಹರಿಯುತ್ತೆ.

ಮೊದಲ ಇಸಿಜಿ ನಾರ್ಮಲ್ ಬಂದರೆ ಎದ್ದು ಬರಬೇಡಿ. ಅಟ್ಯಾಕ್ ಆಗುತ್ತಿರುವಾಗಲೂ ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ನೋವು ಮುಂದುವರಿದರೆ ಸ್ವಲ್ಪ ಹೊತ್ತಿಗೆ ಮತ್ತೆ ತೆಗೆಯಬೇಕು. ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆಯೂ ಹಾಗೇ, ಹೃದಯದ ಮಾಂಸ ಘಾಸಿಯಾದ ಕೆಲವು ತಾಸಿನ ಮೇಲೆ ಏರುತ್ತದೆ, ಬೇಗ ಮಾಡಿದರೆ ಒಂದೇ ಸಲದ್ದು ಸಾಲದು. "ಇನ್ನೊಮ್ಮೆ ನೋಡ್ತೀರಾ?" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಮುಂಚೆ ಕೇಳುತ್ತಾರೆ: ಇತ್ತೀಚೆಗೆ ಆಪರೇಷನ್ ಆಗಿದೆಯಾ, ತಲೆಗೆ ಪೆಟ್ಟು ಬಿದ್ದಿದೆಯಾ, ಲಕ್ವಾ ಹೊಡೆದಿತ್ತಾ, ಎಲ್ಲಾದರೂ ರಕ್ತ ಹೋಗ್ತಿದೆಯಾ. ನಿಜ ಹೇಳಿ. ಆಮೇಲೆ ಸಹಿ ಕೇಳುತ್ತಾರೆ. ಸಹಿ ಅಂದ ಕೂಡಲೇ ನಮ್ಮವರು ಹೊರಗೆ ಹೋಗಿ ಪುಣೆಯ ಅಣ್ಣ, ಬೆಂಗಳೂರಿನ ಅಳಿಯ, ಊರಿನ ಗೌಡರು, ಎಲ್ಲರಿಗೂ ಫೋನ್ ಹಚ್ಚುತ್ತಾರೆ. ಎಲ್ಲರೂ ಒಂದೊಂದು ಹೇಳುತ್ತಾರೆ. ಆ ಫೋನಿನಲ್ಲಿ ಹೋದ ಮುಕ್ಕಾಲು ಗಂಟೆ ಒಳಗೆ ಮಲಗಿದವರ ಹೃದಯದಿಂದ ಹೋಗಿದ್ದು. ಮನೆಯಲ್ಲಿ ಒಬ್ಬರು ನಿರ್ಧಾರ ಮಾಡುವವರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ರೊಕ್ಕದ ಚಿಂತೆ ದೊಡ್ಡದು, ಅದಕ್ಕೇ ಜನ ತಡ ಮಾಡುತ್ತಾರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಯೋಜನೆಯ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ಎರಡೂ ಒಂದೇ ಕವರಿನಲ್ಲಿ ಇಟ್ಟಿರಿ. ತುರ್ತಿನಲ್ಲಿ ರೆಫರಲ್ ಚೀಟಿಗಾಗಿ ಅಲೆಯುತ್ತಾ ಕೂರಬೇಡಿ, ಮೊದಲು ರೋಗಿಯನ್ನು ಒಳಗೆ ಸೇರಿಸಿ, ಯೋಜನೆಯ ಕಾಗದಪತ್ರ ನೋಡುವ ಆರೋಗ್ಯಮಿತ್ರರ ಕೌಂಟರಿಗೆ ಇನ್ನೊಬ್ಬರು ಹೋಗಲಿ. ಕಾರ್ಖಾನೆ ನೌಕರರಾದರೆ ಇಎಸ್ಐ ಕಾರ್ಡ್ ತೋರಿಸಿ. ಸ್ಟೆಂಟ್ ಹಾಕಬೇಕು ಅಂದರೆ ಒಂದು ಗೊತ್ತಿರಲಿ, 2017ರ ಫೆಬ್ರವರಿಯಿಂದ ಅದಕ್ಕೆ ಕೇಂದ್ರ ಸರ್ಕಾರದ ಗರಿಷ್ಠ ದರ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಕಂಪನಿ ಹೆಸರು ಬೇರೆಯಾಗಿ ಬರೆಸಿಕೊಳ್ಳಿ.

ಹಂತ 7: ಈಗ ಏನೂ ಇಲ್ಲದವರು ಮಾಡಿಸಬೇಕಾದದ್ದು

ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಬಿಪಿ ಬೇರೆ ಬೇರೆ ದಿನ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ, ಖಾಲಿ ಹೊಟ್ಟೆಯ ಶುಗರ್ 126 ಮುಟ್ಟಿದರೆ ಡಾಕ್ಟರ ಮುಂದೆ ಕೂರಬೇಕು. ಕೊಲೆಸ್ಟ್ರಾಲಿಗೆ ಲಿಪಿಡ್ ಪರೀಕ್ಷೆ. ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅವ್ವನಿಗೋ ಅಕ್ಕನಿಗೋ 65ರೊಳಗೆ ಹೃದಯದ ತೊಂದರೆ ಬಂದಿದ್ದರೆ ಅದನ್ನು ಹೇಳಲೇಬೇಕು. ಅವರು ಕೇಳಲು ಮರೆತರೂ ನೀವು ಮರೆಯಬೇಡಿ.

ನಡೆದಾಗ ಎದೆ ಹಿಡಿಯುತ್ತೆ ಅನ್ನುವವರು ಇಸಿಜಿ ಒಂದನ್ನೇ ಮಾಡಿಸಿ "ನಾರ್ಮಲ್ ಬಂತು" ಅಂತ ಸಮಾಧಾನ ಆಗಬಾರದು. ಅದು ಕೂತಾಗಿನ ಚಿತ್ರ. ಎಕೋದಲ್ಲಿ ಹೃದಯದ ಪಂಪ್ ಹೇಗಿದೆ ಗೊತ್ತಾಗುತ್ತೆ, ಟಿಎಂಟಿಯಲ್ಲಿ ಓಡುವ ಪಟ್ಟಿ ಮೇಲೆ ನಡೆಸಿ ನೋಡುತ್ತಾರೆ. ಯಾವುದು ಬೇಕು ಅಂತ ಡಾಕ್ಟರು ಹೇಳಲಿ. ಹಬ್ಬದ ರಿಯಾಯಿತಿಯಲ್ಲಿ ಎಪ್ಪತ್ತು ಪರೀಕ್ಷೆಯ ಪ್ಯಾಕೇಜ್ ಅಂತ ಬರುವುದರಲ್ಲಿ ಅರ್ಧ ನಿಮಗೆ ಬೇಕಾಗಿಯೇ ಇರುವುದಿಲ್ಲ.

ತಂಬಾಕು ಬಗ್ಗೆ ಒಂದೇ ಸಾಲು: ಬೀಡಿ, ಸಿಗರೇಟು, ಗುಟ್ಕಾ ಇವುಗಳಲ್ಲಿ ಹೃದಯಕ್ಕೆ ಕಡಿಮೆ ಕೆಟ್ಟದ್ದು ಅಂತ ಯಾವುದೂ ಇಲ್ಲ.

ಹಂತ 8: ಒಮ್ಮೆ ಆಗಿಹೋದವರು

ಸ್ಟೆಂಟ್ ಹಾಕಿಸಿಕೊಂಡವರು ನಾಲ್ಕು ತಿಂಗಳು ತಪ್ಪದೆ ಗುಳಗಿ ಒಯ್ಯುತ್ತಾರೆ. ಐದನೇ ತಿಂಗಳು ಬರುವುದಿಲ್ಲ. ಫೋನ್ ಮಾಡಿದರೆ, "ಈಗ ಆರಾಮದೀನ್ರಿ, ಯಾಕ ಸುಮ್ನ ಗರಂ ಗುಳಗಿ?" ಅಂತಾರೆ. ಸ್ಟೆಂಟ್ ಅಂದರೆ ನಾಳದೊಳಗೆ ಇಟ್ಟ ಲೋಹದ ಜಾಲರಿ. ರಕ್ತ ತೆಳ್ಳಗಿಡುವ ಎರಡು ಗುಳಗಿ ಡಾಕ್ಟರು ಹೇಳುವ ಮುಂಚೆ ಬಿಟ್ಟರೆ ಅದರೊಳಗೇ ಗಡ್ಡೆ ಕಟ್ಟಬಹುದು. ಎರಡೂ ಗುಳಗಿ ಸಾಮಾನ್ಯವಾಗಿ ಒಂದು ವರ್ಷ, ಆಮೇಲೆ ಒಂದು ಮುಂದುವರಿಯುತ್ತದೆ. ಹಲ್ಲು ಕೀಳಿಸುವ ಮುಂಚೆಯೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬೆಲೆ ತೊಂದರೆ ಆದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಬಹಳ ಕಡಿಮೆಗೆ ಸಿಗುತ್ತದೆ. ನನ್ನ ವ್ಯಾಪಾರ ಹೋದರೂ ಇದನ್ನು ಹೇಳುತ್ತೇನೆ. ಮತ್ತೆ, ಮೊಣಕಾಲು ನೋವಿಗೆ ಅಂತ ನನ್ನಂಥವರ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ನೋವಿನ ಗುಳಗಿ ನೀವೇ ಒಯ್ಯಬೇಡಿ, ಹೃದಯದವರಿಗೆ ಅದು ಒಳ್ಳೆಯದಲ್ಲ.

ಕೊನೆಗೆ ಒಂದು ಚೀಟಿ ಬರೆಯಿರಿ. 108, ಹತ್ತಿರದ ಇಸಿಜಿ ಇರುವ ಆಸ್ಪತ್ರೆ, ರಾತ್ರಿ ಕರೆದರೆ ಬರುವ ಆಟೋದವರ ನಂಬರು, ಮನೆಯಲ್ಲಿ ಯಾರು ಯಾವ ಗುಳಗಿ ತಗೊಳ್ಳುತ್ತಾರೆ, ಯಾರಿಗೆ ಯಾವುದರ ಅಲರ್ಜಿ, ಸಹಿ ಹಾಕುವವರು ಯಾರು. ಓದು ಬಾರದವರಿಗೂ ಜಾಗ ಗೊತ್ತಿರಲಿ. ಕಾಕಾ ಅವರ ಮನೆಯಲ್ಲಿ ಅದು ಫ್ರಿಜ್ ಮೇಲೆ ಅಂಟಿದೆ, ನನ್ನದೇ ಕೈಬರಹ. ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಚೀಟಿಯನ್ನು ಗ್ಯಾಸ್ ಗುಳಗಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇನೆ.